ಮೂಲೆಯಿಲ್ಲದ ಲಕೋಟೆ

ವಿಯಾಂಡೆನ್, ಲಕ್ಸೆಂಬರ್ಗ್
೧೪–೭–೧೯೬೩

ಕ್ಷೇಮ.

ಪುಷ್ಪಾ,

ಅವ್ವ ಹೇಳಿಕೊಟ್ಟ ಹಾಗೆ ಬಲಮೂಲೆಯಲ್ಲಿ ಮೊದಲು ಆ ಒಂದು ಮಾತು ಬರೆದೇ ಮುಂದಕ್ಕೆ ಹೊರಟಿದ್ದೇನೆ. ಓದಿ ಹೇಳುವಾಗ ಅವಳಿಗೆ ಅದನ್ನೇ ಮೊದಲು ಹೇಳು.

ಕಾರ್ಗಲ್ ವರ್ಕ್‌ಶಾಪಿನಿಂದ ಆರು ತಿಂಗಳ ತರಬೇತಿಗೆಂದು ಜರ್ಮನಿಗೆ ಕಳಿಸಿದರಲ್ಲ, ಅಲ್ಲಿಯವರು ಈಗ ನನ್ನನ್ನು ಪಕ್ಕದ ದೇಶಕ್ಕೆ ದಾಟಿಸಿದ್ದಾರೆ. ದೇಶ ಅನ್ನಬೇಕೋ ತಾಲ್ಲೂಕು ಅನ್ನಬೇಕೋ ತಿಳಿಯುತ್ತಿಲ್ಲ. ಸಾಗರದಲ್ಲಿ ಬೆಳಗಿನ ಬಸ್ಸು ಹತ್ತಿ, ಹೊಸನಗರದಲ್ಲಿ ಚಾ ಕುಡಿದು, ತೀರ್ಥಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಈ ದೇಶ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ಆದರೂ ಇದಕ್ಕೊಬ್ಬಳು ರಾಣಿ, ಇದರದ್ದೇ ಬಾವುಟ, ಇದರದ್ದೇ ಸ್ಟಾಂಪು. ನಾನಿರುವ ಊರಿನ ಹೊಳೆಯ ಹೆಸರೇನು ಗೊತ್ತೇ? ಊರ್! ದೇವರಾಣೆ ಸುಳ್ಳಲ್ಲ.

ಕೆಲಸ ಕೇಳಿದರೆ ನಗುತ್ತೀಯ. ಹೊಳೆಯ ನೀರನ್ನು ಪಂಪು ಹಾಕಿ ಗುಡ್ಡದ ತಲೆಗೆ ಹತ್ತಿಸುತ್ತಾರೆ. ಕರೆಂಟು ಬೇಕಾದಾಗ ಅದೇ ನೀರನ್ನು ಕೆಳಕ್ಕೆ ಬಿಡುತ್ತಾರೆ. ಮತ್ತೆ ಹತ್ತಿಸುತ್ತಾರೆ. ಯಂತ್ರಗಳೆಲ್ಲ ಗುಡ್ಡದ ಹೊಟ್ಟೆಯೊಳಗೆ. ದಿನಾ ಬೆಳಿಗ್ಗೆ ಸುರಂಗದ ಬಾಯಲ್ಲಿ ನಿಂತಾಗ ಎದೆ ಝಲ್ಲೆನ್ನುತ್ತದೆ, ಆಮೇಲೆ ಎಲ್ಲರ ಹಿಂದೆ ಹೋಗುತ್ತೇನೆ. ಇದನ್ನು ಅವ್ವನಿಗೆ ಓದಬೇಡ.

ಈ ವರ್ಷ ದೇಶಕ್ಕೆ ಸಾವಿರ ವರ್ಷ ತುಂಬಿತೆಂದು ಎಲ್ಲೆಲ್ಲೂ ತೋರಣ ಕಟ್ಟಿದ್ದಾರೆ. ಸಾವಿರ ವರ್ಷದ ಕೆಳಗೆ ಸೀಗ್‌ಫ್ರೀಡ್ ಎಂಬ ಪಾಳೇಗಾರ ಒಂದು ಮಠಕ್ಕೆ ತನ್ನ ಜಮೀನು ಬಿಟ್ಟುಕೊಟ್ಟು, ಬದಲಿಗೆ ಒಂದು ಬಂಡೆಗುಡ್ಡ, ಅದರ ಮೇಲಿನ ಪುಟ್ಟ ಕೋಟೆ ಇಸಿದುಕೊಂಡ. ಅದೇ ಮುಂದೆ ರಾಜಧಾನಿ ಆಯಿತು. ಇಷ್ಟು ದಾಖಲೆಯಲ್ಲಿರುವ ಮಾತು. ಉಳಿದದ್ದು ನಾನಿರುವ ಮನೆಯ ಒಡತಿ ಮುದುಕಿ ತನ್ನ ಮುರುಕು ಇಂಗ್ಲಿಷಿನಲ್ಲಿ ನನ್ನ ಮುರುಕು ಇಂಗ್ಲಿಷಿಗೆ ಹೇಳಿದ್ದು. ಅವನ ಹೆಂಡತಿ ಮೆಲುಸಿನಾ ಮದುವೆಗೆ ಮುಂಚೆ ಒಂದು ಮಾತು ತೆಗೆದುಕೊಂಡಿದ್ದಳಂತೆ: ಶನಿವಾರ ನನ್ನನ್ನು ನೋಡಬಾರದು, ಯಾಕೆಂದು ಕೇಳಲೂಬಾರದು. ಅವನು ವರ್ಷಗಟ್ಟಲೆ ಮಾತು ಉಳಿಸಿಕೊಂಡ. ಒಂದು ಶನಿವಾರ ತಡೆಯಲಾರದೆ ಬಾಗಿಲ ಸಂದಿಯಲ್ಲಿ ಇಣುಕಿದರೆ, ನೀರಿನ ತೊಟ್ಟಿಯಲ್ಲಿ ಕೂತಿದ್ದಾಳೆ, ಸೊಂಟದಿಂದ ಕೆಳಗೆ ಮೀನು! ಅವನು ಕಿರುಚಿದ, ಅವಳು ಬಂಡೆಯೊಳಗೆ ಇಳಿದುಹೋದಳು. ಈಗಲೂ ಒಳಗೆ ಕೂತು ಅಂಗಿ ಹೊಲಿಯುತ್ತಿದ್ದಾಳೆ, ಏಳು ವರ್ಷಕ್ಕೊಂದು ಹೊಲಿಗೆ. ಯಾರಾದರೂ ಬಿಡಿಸುವ ಮೊದಲೇ ಅಂಗಿ ಮುಗಿದರೆ ಪಟ್ಟಣಕ್ಕೆ ಪಟ್ಟಣವೇ ಬಂಡೆಯೊಳಗೆ ಮುಳುಗುತ್ತದಂತೆ.

ಕೇಳುವಾಗ ನಕ್ಕೆ. ಬೆಳಿಗ್ಗೆ ಎದ್ದಾಗ ನಗು ಬರಲಿಲ್ಲ. ನಿನ್ನನ್ನು ನೋಡದೆ ಎರಡು ತಿಂಗಳಾಯಿತು ಪುಷ್ಪಾ. ನೋವಿದ್ದರೂ ಮುಚ್ಚಿಡುವ ಜಾತಿ ನಿನ್ನದು. ಎರಡು ಸಲ ಆದದ್ದು ಮೂರನೇ ಸಲ ಆಗಬಾರದು ಎಂದು ದಿನಾ ಬೇಡಿಕೊಳ್ಳುತ್ತೇನೆ. ಏನಿದ್ದರೂ ಬರೆ.

ನಿನ್ನ
ಕನ್ನಪ್ಪ


ಕೆಳಕೇರಿ, ಹೊಸನಗರ ತಾಲ್ಲೂಕು
೨–೮–೧೯೬೩

ಯಜಮಾನರಿಗೆ ಪುಷ್ಪಮ್ಮನ ನಮಸ್ಕಾರ.

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ನೀವು ಹೋದ ಮೇಲೆ ಅಂಚೆಯ ಕೆಲಸವೂ ಶಾಲೆಯ ಹೇರಂಬ ಮೇಷ್ಟ್ರ ತಲೆಗೇ ಬಿದ್ದಿದೆ. ಪರದೇಶದ ಲಕೋಟೆ ಬಂದರೆ ಅವರು ಅದನ್ನು ಅರ್ಧ ದಿನ ತಿರುಗಿಸಿ ಮುರುಗಿಸಿ ನೋಡಿ ಆಮೇಲೆ ಹುಲಿಯಪ್ಪನ ಕೈಗೆ ಕೊಡುತ್ತಾರೆ. ಹುಲಿಯಪ್ಪ ಟಪಾಲು ಚೀಲಕ್ಕೆ ಹಾಕದೆ ಕೇರಿಗೆಲ್ಲ ತೋರಿಸಿಕೊಂಡು ತರುತ್ತಾನೆ. ಹಾಗಾಗಿ ಕಾಗದ ನನಗೆ ಕೊನೆಗೆ ಸಿಗುತ್ತದೆ.

ಅತ್ತೆಗೆ ಪೂರ್ತಿ ಓದಿ ಹೇಳಿದೆ, ಸುರಂಗ ಬಿಟ್ಟು. ನೀರಿನ ವಿಷಯ ಕೇಳಿ ಅವರು, "ಇಳಿದ ನೀರು ಹತ್ತಿಸೋದು, ಹತ್ತಿದ ನೀರು ಇಳಿಸೋದು. ಇಷ್ಟು ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಬಾವಿಕಟ್ಟೆ ಮೇಲೆ ನಾನೇ ಕಲಿಸ್ತಿದ್ದೆ" ಅಂದರು. ಏಳು ವರ್ಷಕ್ಕೊಂದು ಹೊಲಿಗೆ ಹಾಕುವವಳ ಬಗ್ಗೆಯೂ ಅವರ ತೀರ್ಮಾನ ಆಗಿದೆ. ಸರ್ಕಾರಿ ನೌಕರಿಯವಳೇ ಇರಬೇಕಂತೆ.

ನನ್ನ ಶನಿವಾರದ ಗುಟ್ಟೂ ಕೇಳಿ. ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ಕೂರುತ್ತೇನೆ, ಕೇರಿಗೆಲ್ಲ ಗೊತ್ತು. ಕಾಲು ಎರಡೂ ಇವೆ, ಬಾತುಕೊಂಡಿವೆ ಅಷ್ಟೇ. ಮುಚ್ಚಿಡಬೇಡ ಅಂದಿರಲ್ಲ, ಅದಕ್ಕೇ ಇದನ್ನೂ ಬರೆಯುತ್ತೇನೆ. ಸೂಲಗಿತ್ತಿ ಬಂಗಾರಮ್ಮ ಹೊಟ್ಟೆ ಮುಟ್ಟಿ ನೋಡಿ ಕೂಸು ಗಟ್ಟಿ ಇದೆ ಅಂದಳು. ಆಮೇಲೆ ಅತ್ತೆಯನ್ನು ಹಿತ್ತಿಲಿಗೆ ಕರೆದು ಹೇಳಿದ್ದೂ ನನಗೆ ಕೇಳಿಸಿತು: "ಈ ಹುಡುಗಿಗೆ ಗಾಬರಿ ಆಗೋಕೆ ಬಿಡ್ಬೇಡ ಕನ್ನಮ್ಮಾ. ಮೊದಲ್ನೇದು ಏಳು ತಿಂಗ್ಳಿಗೆ ಹೋತು, ಎರಡ್ನೇದು ಮೂರು ದಿನ ಇದ್ದು ಹೋತು. ಈ ಸಲ ಹೋದ್ರೆ ತಾಯಿನೂ ಉಳಿಯೂದಿಲ್ಲ." ಅಂದಿನಿಂದ ಅತ್ತೆ ನನ್ನ ಮುಂದೆ ಬೆಕ್ಕನ್ನೂ ಗದರಿಸುತ್ತಿಲ್ಲ.

ನನಗೆ ಭಯವಿದೆ, ಇಲ್ಲ ಅನ್ನುವುದಿಲ್ಲ. ಎರಡು ಸಲವೂ ನೀವು ಹತ್ತಿರ ಇದ್ದಿರಿ. ಬೇಗ ಬೇಗ ಬರೆಯಿರಿ, ಹೆಂಡತಿ ಮಾಯವಾಗುವ ಕಥೆ ಬಿಟ್ಟು ಬೇರೆ ಏನಾದರೂ.

ಇಂತಿ
ಪುಷ್ಪಮ್ಮ


ವಿಯಾಂಡೆನ್
೧೮–೮–೧೯೬೩

ಕ್ಷೇಮ.

ಪುಷ್ಪಾ,

ನಿನ್ನ ಬಾತುಕೊಂಡ ಕಾಲಿನ ಸುದ್ದಿ ಓದಿ ನಕ್ಕೆ. ಬಂಗಾರಮ್ಮನ ಮಾತು ಓದಿ ಊಟ ಬಿಟ್ಟೆ.

ಇವತ್ತು ರಜೆ. ಮನಸ್ಸು ತಡೆಯದೆ ಊರಿನ ಮೇಲಿನ ಕೋಟೆ ಹತ್ತಿದೆ. ದೊಡ್ಡ ಕೋಟೆ, ತಲೆಯ ಮೇಲೆ ಸೂರಿಲ್ಲ. ನೂರನಲವತ್ತು ವರ್ಷದ ಹಿಂದೆ ದೊರೆಯೊಬ್ಬ ಇದನ್ನು ಊರಿನ ವ್ಯಾಪಾರಿಗೆ ಮಾರಿದನಂತೆ, ಅವನು ಮಾಡು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಮಾರಿಕೊಂಡ. ಏಳೆಂಟು ನೂರು ವರ್ಷ ಯಾರಿಗೂ ಬಗ್ಗದ ಗೋಡೆಗಳ ಮೇಲೆ ಈಗ ಕಾಗೆ ಕೂತಿವೆ. ಒಂದು ಪ್ರಾರ್ಥನೆಯ ಕೋಣೆ ಮಾತ್ರ ನೆಟ್ಟಗಿದೆ. ಅದರ ನೆಲದ ನಡುವೆ ಬಾವಿಯ ಬಾಯಿಯಂಥ ದೊಡ್ಡ ಕಿಂಡಿ. ಮೇಲೆ ದೊರೆಗಳು ಪೂಜೆ ಮಾಡಿಸುವಾಗ ಕೆಳಗಿನ ಕೋಣೆಯಲ್ಲಿ ಪ್ರಜೆಗಳು ನಿಂತು ಆ ಕಿಂಡಿಯಿಂದ ಮಂತ್ರ ಕೇಳುತ್ತಿದ್ದರಂತೆ. ಮುಖ ಕಾಣುವುದಿಲ್ಲ, ಮಾತು ಮಾತ್ರ ಇಳಿದುಬರುತ್ತದೆ. ನಿನ್ನ ಕಾಗದ ಓದುವಾಗ ನನಗೂ ಹಾಗೇ ಆಗುತ್ತದೆ.

ಅವ್ವನಿಗೆ ಈ ಕಥೆ ಹೇಳು. ಏಳುನೂರು ವರ್ಷದ ಹಿಂದೆ ಇದೇ ಕೋಟೆಯಲ್ಲಿ ಯೋಲಾಂದಾ ಅಂತ ಒಬ್ಬ ಮಗಳು. ಸನ್ಯಾಸಿನಿ ಆಗುತ್ತೇನೆ ಅಂದಳು. ತಾಯಿ ಸುತರಾಂ ಒಪ್ಪದೆ ವರ್ಷಗಟ್ಟಲೆ ಅವಳನ್ನು ತಡೆದಿಟ್ಟಳು. ಕೊನೆಗೆ ಮಗಳೇ ಗೆದ್ದು ಮಠ ಸೇರಿದಳು. ಗಂಡ ಸತ್ತ ಮೇಲೆ ತಾಯಿಯೂ ಹೋಗಿ ಅದೇ ಮಠ ಸೇರಿದಳಂತೆ. ನಾನು ಹೊರಡುವಾಗ ಅವ್ವ ಬಾಗಿಲಿಗೆ ಅಡ್ಡ ನಿಂತದ್ದು ನೆನಪಾಯಿತು.

ಕೋಟೆಯಲ್ಲೊಂದು ಮುರುಕು ಗೋಪುರ ಇದೆ. ಮೆಟ್ಟಿಲು ಸಡಿಲವೆಂದು ಹಗ್ಗ ಕಟ್ಟಿದ್ದಾರೆ. ಸೆಪ್ಟೆಂಬರ್ ಮೊದಲ ಭಾನುವಾರ ಅದನ್ನೂ ಹತ್ತಿ ನೋಡಬೇಕು. ಸಾವಿರ ವರ್ಷದ ಹಬ್ಬಕ್ಕೆ ಹೊಸ ಸ್ಟಾಂಪು ಮಾಡಿದ್ದಾರೆ, ಚೆನ್ನಾಗಿರುವುದನ್ನೇ ಹುಡುಕಿ ಅಂಟಿಸಿದ್ದೇನೆ.

ನಿನ್ನ
ಕನ್ನಪ್ಪ


ಕೆಳಕೇರಿ
೧೨–೯–೧೯೬೩

ಯಜಮಾನರಿಗೆ ನಮಸ್ಕಾರ.

ನಾನು ಬರೆದು ಆರು ವಾರವಾಯಿತು. ನಿಮ್ಮಿಂದ ಒಂದು ಸಾಲೂ ಇಲ್ಲ. ಕೆಲಸ ಹೆಚ್ಚಿರಬಹುದು, ಟಪಾಲು ತಡವಾಗಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡಿದ್ದೇನೆ. ಈಗ ಬರೆಯುವುದು ಅತ್ತೆಯ ವಿಷಯ. ಓದಿ ನಗಬೇಡಿ.

ಬೆನಕನ ಹಬ್ಬ ಕಳೆದ ಮೇಲಿನಿಂದ ಅವರು ಅವರಾಗಿಲ್ಲ. ದೀಪ ಹಚ್ಚುವುದಿಲ್ಲ. "ನೀನೇ ಹಚ್ಚು" ಅನ್ನುತ್ತಾರೆ. ದೇವರ ಮೂಲೆಯ ಹತ್ತಿರ ಸುಳಿಯುವುದಿಲ್ಲ. ನನ್ನನ್ನು ನೋಡಿದರೆ ನಗುತ್ತಾರೆ, ಅದು ಅವರ ನಗುವಲ್ಲ. ಬೆಳಿಗ್ಗೆ ಹುಲಿಯಪ್ಪ ಬರುವ ಹೊತ್ತಿಗೆ ನನಗಿಂತ ಮುಂಚೆ ಓಣಿಯ ತಿರುವಿಗೆ ಹೋಗಿ ನಿಲ್ಲುತ್ತಾರೆ. "ಏನೂ ಇಲ್ಲ ಕನ್ನಮ್ಮಾ" ಎಂದು ಅವನು ದಾಟಿ ಹೋದರೆ ಅವರ ಮುಖ ಹಗುರಾಗುತ್ತದೆ. ಮಗನ ಕಾಗದ ಬರಲಿಲ್ಲವೆಂದು ಯಾವ ತಾಯಿಯ ಮುಖವಾದರೂ ಹಗುರಾಗುತ್ತದೆಯೇ ಹೇಳಿ.

ಹೋದ ವಾರ ನನಗೆ ಬಳೆ ತೊಡಿಸಿದರು. ಪಕ್ಕದ ಮನೆ ಜಲಜಮ್ಮನೇ ಮುಂದೆ ನಿಂತು ಕೈತುಂಬ ಹಸಿರು ಬಳೆ ಇಟ್ಟು, ಹೂ ಮುಡಿಸಿ, ಆರತಿ ಎತ್ತಿದಳು. ಅಡುಗೆ ಪೂರ್ತಿ ಅತ್ತೆಯದ್ದೇ. ಆದರೆ ಆರತಿಯ ಹೊತ್ತಿಗೆ ಹುಡುಕಿದರೆ ಅವರು ಕಟ್ಟಿಗೆ ರಾಶಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದರು. "ಒಳಗೆ ಬನ್ನಿ ಅತ್ತೆ" ಅಂದೆ. "ಬ್ಯಾಡ. ನನ್ನ ನೆರಳು ಬ್ಯಾಡ" ಅಂದರು. ಮರುದಿನವೇ ತೀರ್ಥಹಳ್ಳಿಗೆ, ಅವರ ತಮ್ಮ ಜಟ್ಟಿಂಗಪ್ಪ ಮಾವನ ಮನೆಗೆ ಹೋಗಿ ಎರಡು ದಿನ ಇದ್ದು ಬಂದರು. ತುಂಬಿದ ಬಸುರಿಯನ್ನು ಬಿಟ್ಟು ಹೋಗುವಂಥ ಕೆಲಸ ಏನಿತ್ತು ಎಂದು ಕೇಳಿದರೆ ಎದ್ದು ಒಲೆಯ ಮುಂದೆ ಹೋಗುತ್ತಾರೆ.

ನನಗನ್ನಿಸುವುದನ್ನು ಹೇಳುತ್ತೇನೆ. ಯಾವುದೋ ದೇವರು ಮೈಮೇಲೆ ಬರುವ ಪಾತ್ರಿಯನ್ನು ಕೇಳಿದ್ದಾರೆ. ಈ ಕೂಸೂ ಉಳಿಯುವುದಿಲ್ಲ ಎಂದು ಅವನು ಹೇಳಿದ್ದಾನೆ. ಅದನ್ನು ಗಂಟಲಲ್ಲಿ ಇಟ್ಟುಕೊಂಡು ನನಗೆ ತುಪ್ಪ ಬಡಿಸುತ್ತಿದ್ದಾರೆ. ಕೂಸು ಒದ್ದಾಗಲೆಲ್ಲ ನಾನು ಉಸಿರು ಬಿಗಿಹಿಡಿಯುತ್ತೇನೆ. ದಯವಿಟ್ಟು ಬರೆಯಿರಿ.

ಪುಷ್ಪಮ್ಮ


ಕೆಳಕೇರಿ
೨೫–೯–೧೯೬೩

ಯಜಮಾನರಿಗೆ,

ಇಂದಿಗೂ ಕಾಗದವಿಲ್ಲ.

ಭೂಮಿ ಹುಣ್ಣಿಮೆಗೆ ಇನ್ನು ಎಂಟೇ ದಿನ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯಬೇಕೆಂದರೆ ಈ ಸೀಮೆಗೆಲ್ಲ ಅತ್ತೆಯ ಕೈಯೇ ಬೇಕು. ಈ ವರ್ಷ ಕೇರಿಯ ಐದಾರು ಬುಟ್ಟಿ ನಮ್ಮ ಜಗಲಿಗೆ ಬಂದು ಕೂತವು. ಅತ್ತೆ ಮುಟ್ಟಲಿಲ್ಲ. ಕೈನೋವು ಅಂದರು. ಅದೇ ಕೈಯಲ್ಲಿ ಒಂದು ಹೊರೆ ಸೌದೆ ಒಡೆದದ್ದನ್ನು ನಾನು ನೋಡಿದ್ದೇನೆ. ಬುಟ್ಟಿಗಳು ಹಾಗೇ ವಾಪಸು ಹೋದವು, ನಮ್ಮದೂ ಬೋಳಾಗಿಯೇ ಇದೆ.

ನಿನ್ನೆ ಅವರು ನನ್ನ ಕೈ ಹಿಡಿದುಕೊಂಡು ಬಳೆಗಳನ್ನು ಒಂದೊಂದಾಗಿ ಸವರಿದರು. "ಇರ್ಲಿ. ಇರೋವಷ್ಟು ದಿನ ಇರ್ಲಿ" ಅಂದರು.

ನೀವು ಇದ್ದೀರಾ?

ಪುಷ್ಪಮ್ಮ


ತೀರ್ಥಹಳ್ಳಿ
೨೮–೯–೧೯೬೩

ಅಕ್ಕ ಕನ್ನಮ್ಮನ ಪಾದಕ್ಕೆ ತಮ್ಮ ಜಟ್ಟಿಂಗಪ್ಪ ಅಡ್ಡಬಿದ್ದು ಬರೆಯುವುದು.

ಅಕ್ಕಾ, ನೀನು ಬಂದುಹೋದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಕನ್ನಪ್ಪನನ್ನು ಈ ಹೆಗಲ ಮೇಲೆ ಹೊತ್ತು ತಿರುಗಿದವನು ನಾನು. ಮೂಲೆ ಹರಿದ ಕಾಗದ ಕೈಗೆ ಬಂದ ಮೇಲೂ ಅದನ್ನು ಒಡೆಸದೆ, ಒಬ್ಬರಿಗೂ ಹೇಳದೆ, ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡು ಸೊಸೆಯ ಬಳೆಶಾಸ್ತ್ರ ಮಾಡಿಸಿದೆಯಲ್ಲ, ನಿನ್ನ ಎದೆ ಗಟ್ಟಿ. ಪರದೇಶದಲ್ಲಿ ಹೋದ ಜೀವ, ಹೆಣವೂ ಸಿಗಲಿಲ್ಲ, ಏನು ಮಾಡೋಣ, ಅವನ ಋಣ ಅಷ್ಟೇ.

ನೀನು ಕೇಳಿದ್ದಕ್ಕೆ ನನ್ನ ಮಗ ಕೆರಿಯಪ್ಪ ಒಪ್ಪಿದ್ದಾನೆ. ಅವನ ಹೆಂಡತಿ ತೀರಿ ಎರಡು ವರ್ಷವಾಯಿತು. ಹೆರಿಗೆ ಆಗಲಿ, ವರ್ಷ ಕಳೆಯಲಿ, ಆಮೇಲೆ ಕುಲದವರ ಎದುರು ಮರುಮದುವೆಯ ಸೀರುಡಿಕೆ ಮಾಡಿ ಪುಷ್ಪಮ್ಮನನ್ನು ಕೂಸಿನ ಸಮೇತ ಮನೆ ತುಂಬಿಸಿಕೊಳ್ಳೋಣ. ಕೂಸಿಗೆ ಅಪ್ಪ ಇಲ್ಲ ಎಂಬ ಕೊರತೆ ಬರಗೊಡುವುದಿಲ್ಲ.

ನೀನು ಆಣೆ ಹಾಕಿಸಿಕೊಂಡ ಹಾಗೆ ಯಾರಿಗೂ ಹೇಳಿಲ್ಲ. ಈ ಕಾಗದ ಓದಿದ ಕೂಡಲೇ ಒಲೆಗೆ ಹಾಕು. ಪುಷ್ಪಮ್ಮನ ಕೈಗೆ ಮಾತ್ರ ಸಿಗಬಾರದು.

ನಿನ್ನ ತಮ್ಮ
ಜಟ್ಟಿಂಗಪ್ಪ


ಕೆಳಕೇರಿ
೪–೧೦–೧೯೬೩

ಯಜಮಾನರಿಗೆ,

ಈ ಕಾಗದವನ್ನು ಯಾರಿಗೆ ಬರೆಯುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲ. ಆದರೂ ಬರೆಯುತ್ತೇನೆ.

ಮೊನ್ನೆ ಹುಣ್ಣಿಮೆಯ ಹಿಂದಿನ ದಿನ ಜಟ್ಟಿಂಗಪ್ಪ ಮಾವನಿಂದ ಅತ್ತೆಗೆ ಕಾಗದ ಬಂತು. ಅಕ್ಕನಿಗೆ ಓದು ಬರುವುದಿಲ್ಲ ಎಂಬುದು ಆ ಪುಣ್ಯಾತ್ಮನಿಗೆ ಮರೆತೇ ಹೋಗಿತ್ತು. ಹಬ್ಬಕ್ಕೆ ಕರೆದಿರುತ್ತಾನೆ ಅಂದುಕೊಂಡು ಅತ್ತೆ ಅಕ್ಕಿ ಕೇರುತ್ತಲೇ "ಓದು" ಅಂದರು. ಓದಿದೆ. "ಮೂಲೆ ಹರಿದ ಕಾಗದ" ಎಂಬಲ್ಲಿಗೆ ಬಂದಾಗ ಮೊರ ಕೆಳಗೆ ಬಿತ್ತು. ನನ್ನ ಬಾಯಿ ನಿಲ್ಲಲಿಲ್ಲ. ಕೆರಿಯಪ್ಪ ಭಾವನವರೆಗೂ ಓದಿದೆ. ಅತ್ತೆ ಕಿತ್ತುಕೊಳ್ಳಲು ಬಂದವರು ಕಿತ್ತುಕೊಳ್ಳದೆ ನನ್ನ ಕಾಲ ಹತ್ತಿರ ಕೂತುಬಿಟ್ಟರು.

ಸಾವಿನ ಕಾಗದವನ್ನು ಮೂಲೆ ಹರಿದು ಕಳಿಸುವುದು ನಮ್ಮ ಕಡೆಯ ಪದ್ಧತಿ, ನಿಮಗೆ ಹೇಳಬೇಕಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇವೆ. ಓದು ಬಾರದವರೂ ಆ ಮೂಲೆಯನ್ನು ಓದುತ್ತಾರೆ.

"ಎಲ್ಲಿ ಅದು?" ಅಂದೆ. ಭತ್ತ ತುಂಬಿಡುವ ಪಣತದ ಹಿಂದಿನಿಂದ ತೆಗೆದುಕೊಟ್ಟರು. ಹುಲಿಯಪ್ಪ ಮೂಲೆ ನೋಡಿದವನೇ ಆ ಸಲ ಯಾರಿಗೂ ತೋರಿಸದೆ ಅತ್ತೆಯ ಕೈಗೇ ಕೊಟ್ಟು, ಅವರು ಆಣೆ ಹಾಕಿಸಿದ ಮೇಲೆ ಬಾಯಿ ಮುಚ್ಚಿಕೊಂಡಿದ್ದನಂತೆ. ಮನೆಯೊಳಗೆ ಇಡಬಾರದೆಂದು ಮೊದಲು ಕೊಟ್ಟಿಗೆಯಲ್ಲಿಟ್ಟಿದ್ದರಂತೆ, ಇಲಿ ತಿಂದೀತೆಂದು ಆಮೇಲೆ ತಂದರಂತೆ.

"ಒಡೆಸ್ಲಿಲ್ಲ ಯಾಕೆ ಅತ್ತೆ?"

"ಒಡೆಯೋವರೆಗೆ ಅದು ಕಾಗ್ದ. ಒಡೆದ್ರೆ ಹೆಣ." ಅವರ ಕಣ್ಣು ಒಣಗಿದ್ದವು. "ನಂಗೊಬ್ಳಿಗೆ ಸತ್ತಿದ್ದ. ನಿಂಗೆ ಬದುಕೇ ಇದ್ದ. ಕೂಸು ಹೊರಗೆ ಬರೋವರೆಗೆ ಅಷ್ಟು ಸಾಕಿತ್ತು. ಸೂತಕದ ಮನೇಲಿ ಬಳೆ ತೊಡಿಸಿದ ಪಾಪ ನಂಗಿರ್ಲಿ ಅಂದ್ಕಂಡಿದ್ದೆ."

ಲಕೋಟೆಯ ಬಲಮೂಲೆ ಇರಲಿಲ್ಲ. ನಾನೇ ಒಡೆದೆ. ಒಳಗಿನ ಹಾಳೆಯ ಬಲಮೂಲೆಯೂ ಇರಲಿಲ್ಲ. ನೀವು ಕ್ಷೇಮ ಎಂದು ಬರೆಯುವ ಜಾಗ ಅದು. ಅದರ ಕೆಳಗೆ ನಿಮ್ಮದೇ ಅಕ್ಷರ. ಬಾತುಕೊಂಡ ಕಾಲು, ಕೋಟೆ, ನೆಲದ ಕಿಂಡಿ, ತಾಯಿ ಮಗಳು. ನಾನು ಅಳುತ್ತ ನಗುತ್ತ, "ನೋಡಿ ಅತ್ತೆ, ಅವರೇ ಬರೆದದ್ದು, ಇದ್ದಾರೆ!" ಎಂದು ಕೂಗಿದೆ.

ಅತ್ತೆ ನಗಲಿಲ್ಲ. "ಯಾವತ್ತು ಬರೆದಿದ್ದು?" ಎಂದು ಕೇಳಿದರು. ಆಗಸ್ಟ್ ಹದಿನೆಂಟು ಅಂದೆ. "ಹಾಂಗಾರೆ ಮೂಲೆ ಹರಿದಿದ್ದು ಅವ್ನಲ್ಲ. ಬರೆದಿಟ್ಟ ಕಾಗ್ದ ಅವ್ನ ಕೋಣೇಲಿ ಸಿಕ್ಕಿರ್ಬೇಕು. ಆಮೇಲೆ ಯಾರೋ ಹರಿದು ಹಾಕಿದಾರೆ."

ಅಲ್ಲಿಯವರಿಗೆ ನಮ್ಮ ಪದ್ಧತಿ ಹೇಗೆ ಗೊತ್ತಿರುತ್ತದೆ ಎಂದು ವಾದಿಸಿದೆ. ಸಾವು ಎಲ್ಲ ಕಡೆಗೂ ಒಂದೇ ಅಂದರು. ಸ್ಟಾಂಪು ಹೋಗಿದೆ, ಮುದ್ರೆಯೂ ಹೋಗಿದೆ, ಯಾವತ್ತು ಹಾಕಿದ್ದೆಂದು ತಿಳಿಯುವುದಿಲ್ಲ. ನಾನು ಇನ್ನೊಮ್ಮೆ ಓದಿದೆ. ಸಡಿಲ ಮೆಟ್ಟಿಲು, ಗೋಪುರ ಎಂಬಲ್ಲಿಗೆ ಬಂದಾಗ ವಾದ ಮಾಡುವ ಶಕ್ತಿ ಉಳಿಯಲಿಲ್ಲ. ಮೂಲೆಯ ಮಾತು ಸುಳ್ಳೆಂದರೂ, ಆ ಭಾನುವಾರ ಕಳೆದು ತಿಂಗಳಾಯಿತು, ನೀವು ಬರೆದಿಲ್ಲ.

ನಿನ್ನೆ ಊರೆಲ್ಲ ಬುಟ್ಟಿ ಹೊತ್ತು ಗದ್ದೆಗೆ ಹೋಯಿತು. ನಾವಿಬ್ಬರೂ ಬಾಗಿಲು ಹಾಕಿಕೊಂಡು ಕೂತಿದ್ದೆವು. ಕೆಳಹೊಟ್ಟೆ ಆಗಾಗ ಹಿಂಡುತ್ತಿದೆ. ಬಂಗಾರಮ್ಮ ಇನ್ನೂ ಹೊತ್ತಿಲ್ಲ ಅನ್ನುತ್ತಾಳೆ. ಏನಾಯಿತೆಂದು ಅವಳಿಗೆ ಹೇಳಿಲ್ಲ. ಬಳೆ ತೆಗೆದಿಲ್ಲ. ತೆಗೆಯಬೇಕೋ ಬೇಡವೋ, ಅದನ್ನಾದರೂ ನೀವೇ ಬರೆದು ತಿಳಿಸಿ.

ಪುಷ್ಪಮ್ಮ


ವಿಯಾಂಡೆನ್
೨೬–೯–೧೯೬೩

ಕ್ಷೇಮ.

ಪುಷ್ಪಾ, ಅಕ್ಷರ ನೋಡಿ ಹೆದರಬೇಡ. ನಾನೇ. ಎಡಗೈ.

ಒಂದನೇ ತಾರೀಖು ಕೋಟೆಯ ಮೆಟ್ಟಿಲಿನಿಂದ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಸಿಮೆಂಟಿನ ಹಾಗೆ ಪಟ್ಟಿ ಹಾಕಿದ್ದಾರೆ. ಬೇರೇನೂ ಆಗಿಲ್ಲ. ಇಲ್ಲಿ ಕನ್ನಡ ಬರೆಯುವವರು ಯಾರೂ ಇಲ್ಲ. ಎಡಗೈಯಲ್ಲಿ ಮೂರು ಸಲ ಬರೆದು ಹರಿದೆ. ಬೇರೆ ಯಾರೋ ಬರೆದಿದ್ದಾರೆ ಅಂದುಕೊಂಡು ನೀನು ಗಾಬರಿ ಆಗುತ್ತೀಯ ಎಂದು ಕಳಿಸಲಿಲ್ಲ. ಈಗ ನಿನ್ನ ಕಾಗದ ಬಂತು. ಕಳಿಸದೆ ಇದ್ದದ್ದೇ ತಪ್ಪಾಯಿತು.

ಆಗಸ್ಟಿನ ಕಾಗದ ಬರಲಿಲ್ಲವೇ? ಅವ್ವನಿಗೆ ಏನಾಗಿದೆ? ಒಂದು ಸಾಲು ಬರೆಯಲು ಕಾಲು ಗಂಟೆ ಬೇಕು. ಪಾತ್ರಿಯ ಮಾತು ನಂಬಬೇಡ. ಕೂಸು ಉಳಿಯುತ್ತದೆ. ನೀನೂ ಉಳಿಯಬೇಕು.

ಕನ್ನಪ್ಪ


ಕೆಳಕೇರಿ
೧೦–೧೦–೧೯೬೩

ಯಜಮಾನರಿಗೆ ನಮಸ್ಕಾರ.

ನಿಮ್ಮ ಎಡಗೈ ಕಾಗದ ಮೊನ್ನೆ ಬಂತು. ಲಕೋಟೆಗೆ ನಾಲ್ಕೂ ಮೂಲೆ ಇದ್ದವು. ಆದರೆ ಒಡೆದು ನೋಡಿದರೆ ಕಾಗೆಕಾಲು ಗುಬ್ಬಿಕಾಲು, ನಿಮ್ಮ ಅಕ್ಷರವೇ ಅಲ್ಲ. ನಾನೇ, ಎಡಗೈ ಎಂದು ಬರೆದಿದ್ದೀರಿ, ಯಾರು ಬೇಕಾದರೂ ಬರೆಯಬಹುದಲ್ಲ ಎಂದು ನನ್ನ ಹುಚ್ಚು ಮನಸ್ಸು ಹೇಳಿತು. ಓದುವುದನ್ನು ನಿಲ್ಲಿಸಿದೆ.

ಅತ್ತೆ ಕೈ ಚಾಚಿದರು. ಅಕ್ಷರ ಬಾರದವರಿಗೆ ಏನು ಕಂಡೀತು ಎಂದುಕೊಂಡೇ ಕೊಟ್ಟೆ. ಬೆಳಕಿಗೆ ಹಿಡಿದರು. ಚಿತ್ತಾರದ ಎಳೆ ಸರಿಯಿದೆಯೇ ಎಂದು ನೋಡುವ ಹಾಗೆ ಒಂದೊಂದು ಗೀಟಿನ ಮೇಲೂ ಬೆರಳಾಡಿಸಿದರು. ಎಲ್ಲ ಗೀಟೂ ಎಡಕ್ಕೆ ವಾಲಿ, ಕೊನೆಯಲ್ಲಿ ಸಣ್ಣಗೆ ಕೊಕ್ಕೆಯಾಗಿದ್ದವು. "ಇದು ಅವ್ನೇ" ಅಂದರು. "ಸಣ್ಣವ್ನಿದ್ದಾಗ ಹಸೆ ಚಿತ್ತಾರ ಬರೆಯೋ ಪುಂಡಿಕಡ್ಡಿನ ಎಡಗೈಯಲ್ಲೇ ಹಿಡೀತಿದ್ದ. ಗೀಟು ಹಿಂಗೇ ವಾಲ್ತಿತ್ತು. ಹೊಡೆದು ಬಿಡಿಸಿದ್ದು ನಾನೇ." ಅಷ್ಟು ಹೇಳಿ ಎದ್ದುಹೋಗಿ ದೇವರ ಮೂಲೆಯಲ್ಲಿ ದೀಪ ಹಚ್ಚಿದರು. ನಲವತ್ತು ದಿನದ ಮೇಲೆ ಹಚ್ಚಿದ್ದು. ನೀವು ಎಡಗೈಯವರೆಂದು ನನಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ಮೂಲೆ ಕತ್ತರಿಸಿದವರು ನಿನ್ನೆ ತಾವಾಗಿ ಸಿಕ್ಕಿಬಿದ್ದರು. ಹೇರಂಬ ಮೇಷ್ಟ್ರು ಬಂದು, "ಯಜಮಾನರ ಕಾಗದ ಕಳಿಸಿದ್ದೆನಲ್ಲ ತಂಗೀ, ಈ ಸಲದ ಸ್ಟಾಂಪು ಕೊಡ್ತೀಯಾ? ಹೋದ ಸಲ ಕೇಳದೇ ಕತ್ತರಿಸಿಕೊಂಡೆ, ತಡೆಯೋಕಾಗಲಿಲ್ಲ" ಅಂದರು. ಬಯಲುಸೀಮೆಯಿಂದ ಬಂದವರು, ಅವರ ಕಡೆ ಈ ಪದ್ಧತಿ ಇಲ್ಲವಂತೆ. ಅತ್ತೆ ಅವರನ್ನೇ ನೋಡುತ್ತ ನಿಂತರು. ಮೇಷ್ಟ್ರಿಗೆ ವಿಷಯ ತಿಳಿದ ಮೇಲೆ ಜಗಲಿಯ ಕಂಬ ಹಿಡಿದು ಕೂತವರನ್ನು ಎಬ್ಬಿಸಲು ಹುಲಿಯಪ್ಪನೇ ಬರಬೇಕಾಯಿತು.

ನೋವು ಹೆಚ್ಚುತ್ತಿದೆ. ಇದು ಸುಳ್ಳು ನೋವಲ್ಲ ಎಂದು ಬಂಗಾರಮ್ಮ ಇವತ್ತು ಇಲ್ಲೇ ಉಳಿದಿದ್ದಾಳೆ. ಇನ್ನೂ ಎರಡು ವಾರ ಇತ್ತು. ನನಗೆ ತುಂಬ ಭಯವಾಗುತ್ತಿದೆ. ನೀವು ಇದ್ದೀರಿ ಎಂಬುದೊಂದೇ ಧೈರ್ಯ.

ಪುಷ್ಪಮ್ಮ


ಕೆಳಕೇರಿ
೨೦–೧೦–೧೯೬೩

ಶ್ರೀ ಕನ್ನಪ್ಪನವರಿಗೆ, ಇದನ್ನು ಬರೆಯುತ್ತಿರುವವನು ಶಾಲೆಯ ಹೇರಂಬ. ನಿಮ್ಮ ತಾಯಿ ನನ್ನನ್ನು ಕರೆಸಿದ್ದಾರೆ. ಒಂದು ಅಕ್ಷರ ತಿದ್ದದೆ, ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕೆಂದು ಕಟ್ಟಪ್ಪಣೆ. ಇನ್ನು ಮುಂದಿನದೆಲ್ಲ ಅವರ ಮಾತು.

ಮಗಾ, ಹೆಣ್ಣುಕೂಸು. ಹುಟ್ಟಿ ಒಂಬತ್ತು ದಿನ ಆತು. ಸಣ್ಣದು, ನನ್ನ ಎರಡು ಬೊಗಸೆ ತುಂಬ್ತದೆ ಅಷ್ಟೇ. ಹುಟ್ಟಿದ ಕೂಡ್ಲೇ ಅಳ್ಲಿಲ್ಲ. ಬಂಗಾರಮ್ಮ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನು ತಟ್ಟಿದ್ಳು, ಆಗ್ಲೂ ಅಳ್ಲಿಲ್ಲ. ಪುಷ್ಪ ನನ್ನೇ ನೋಡ್ತಿದ್ಳು. ನಾನು ನಕ್ಕೆ. ಇಷ್ಟು ದಿನ ನಕ್ಕು ಅಭ್ಯಾಸ ಆಗಿತ್ತಲ್ಲ. ಆಮೇಲೆ ಅತ್ತಿತು. ಮೂರನೇ ದಿನ ನಾವು ಯಾರೂ ಅನ್ನ ಮುಟ್ಲಿಲ್ಲ. ದಾಟ್ತು. ಈಗ ಹಾಲು ಕುಡೀತದೆ. ಪುಷ್ಪನೂ ಎದ್ದು ಕೂರ್ತಾಳೆ.

ನೀನು ಇದ್ದಂಗೇ ನಿನ್ನ ಹೆಂಡ್ತಿಗೆ ಗಂಡು ನೋಡಿದ್ದೆ. ಬಯ್ಯಬೇಡ. ಕೆರಿಯಪ್ಪಂಗೆ ನಾನೇ ಹೇಳಿ ಕಳಿಸಿದೀನಿ, ನನ್ನ ಮಗ ಇದಾನೆ, ನೀನು ಬೇರೆ ಕಡೆ ನೋಡ್ಕ ಅಂತ. ಪಾಪ, ಅವ್ನು ಖುಷಿಯಿಂದ ಅತ್ತನಂತೆ.

ಮೇಷ್ಟ್ರೇ, ಇದನ್ನ ಮೆತ್ತಗೆ ಬರೀರಿ, ಒಳಗೆ ಪುಷ್ಪಂಗೆ ಕೇಳಿಸ್ಬಾರ್ದು.

ನೀನು ಸತ್ತಿದ್ದ ಅಷ್ಟೂ ದಿನ ನನ್ನ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ ಮಗಾ. ಬಂದಿದ್ರೆ ಅವ್ಳಿಗೆ ಗೊತ್ತಾಗ್ತಿತ್ತು. ಈಗ ನೀನಿದೀಯ, ಕೂಸಿದೆ, ಎಲ್ಲಾ ಇದೆ. ಈಗ ನಿಲ್ತಾನೇ ಇಲ್ಲ. ಒಲೆ ಮುಂದೆ ಕೂತ್ರೂ ಬರ್ತದೆ, ಕೂಸಿಗೆ ನೀರು ಹಾಕುವಾಗ್ಲೂ ಬರ್ತದೆ. ಹೊಗೆ ಅಂತ ಹೇಳ್ತೀನಿ. ಬೆಳಿಗ್ಗೆ ಹುಲಿಯಪ್ಪ ಓಣಿ ತಿರುವಲ್ಲಿ ಕಂಡ್ರೆ ಈಗ್ಲೂ ಒಳಗೆ ಬಂದು ಬಾಗ್ಲು ಹಾಕ್ಕಂಡು ಬಿಡ್ತೀನಿ. ಮೂಲೆ ಇದ್ರೂ ಹೆದ್ರಿಕೆ, ಇಲ್ದಿದ್ರೂ ಹೆದ್ರಿಕೆ. ಕಾಗ್ದದಲ್ಲಿ ಬದುಕಿರೋ ಮಗನ್ನ ನಂಬೋಕೆ ನಂಗೆ ಆಗ್ತಾ ಇಲ್ಲ.

ಕೈ ಸರಿಯಾದ್ರೆ ಹೊರಡು. ಬರ್ತೀನಿ ಅಂತ ಕಾಗ್ದ ಬರೀಬೇಡ. ನೀನೇ ಬಾ.

ಕನ್ನಮ್ಮ
(ಎಡಗೈ ಹೆಬ್ಬೆಟ್ಟಿನ ಗುರುತು)